ಅಕ್ಕನ ಮೈಗೆ ಒಗ್ಗದ ಲೋಹ

ಅಕ್ಕಾ, ಅಂದು ಡಾಕ್ಟರ ಮುಂದೆ ನಾನು ಸುಳ್ಳು ಹೇಳಿದೆ. ನಿನ್ನ ಬಲಗಾಲು ಅಷ್ಟು ನರಳಿದ್ದು ಆ ಸುಳ್ಳಿನಿಂದ — ನಿನ್ನ ಹಣೆಬರಹದಿಂದಲ್ಲ.

ಒಂದು ನಾಗರ ಪಂಚಮಿಗೆ ನೀನು ತವರಿಗೆ ಬಂದಾಗ, ನಿನಗೆ ಬೆಳ್ಳಿ ಕಾಲ್ಗೆಜ್ಜೆ ತರಲು ಅವ್ವ ನನ್ನನ್ನು ಕಳಿಸಿದ್ದಳು. ನಾನು ತಂದದ್ದು ಬೆಳ್ಳಿಯಂತೆ ಹೊಳೆಯುವ ಅಗ್ಗದ ಲೋಹ. ಉಳಿದ ದುಡ್ಡು ಗೆಳೆಯರ ಜೊತೆ ಖರ್ಚಾಗಿತ್ತು. ಕೆಲವೇ ದಿನಗಳಲ್ಲಿ ನಿನ್ನ ಕಾಲಿನ ಸುತ್ತ ಕೆಂಪು ಗುಳ್ಳೆ ಎದ್ದು ನೀರು ಸೋರಿತು. “ಬೆಳ್ಳಿ ನನಗ ಆಗಿಬರಂಗಿಲ್ಲ ಕಾಣ್ತೈತಿ” ಎಂದು ನೀನು ನಕ್ಕು ಗೆಜ್ಜೆ ತೆಗೆದಿಟ್ಟೆ. ನಾನೂ ಹೌದೆಂದು ತಲೆಯಾಡಿಸಿದೆ.

ವರ್ಷಗಳಾದ ಮೇಲೆ ನೀನು ಕೆಲಸ ಮಾಡುತ್ತಿದ್ದ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಮೆಟ್ಟಿಲಿನಿಂದ ಬಿದ್ದು, ನಿನ್ನ ಬಲ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ನೀನು ಇಂಜೆಕ್ಷನ್ನಿನ ಮಂಪರಿನಲ್ಲಿದ್ದೆ. ಡಾಕ್ಟರು ನನ್ನನ್ನು ಕೇಳಿದರು: “ಎಲುಬಿಗೆ ಸ್ಟೀಲಿನ ಪ್ಲೇಟ್ ಹಾಕ್ತೀವ್ರಿ. ಇವರಿಗೆ ನಕಲಿ ಒಡವಿ ಹಾಕ್ಕೊಂಡ್ರ ಮೈ ತುರಸ್ತೈತೇನು?”

ಅವ್ವ ಪಕ್ಕದಲ್ಲೇ ನಿಂತಿದ್ದಳು. ಹೌದೆಂದರೆ ಗೆಜ್ಜೆಯ ಮಾತು ಬರುತ್ತದೆ —

“ಇಲ್ರೀ, ಹಂಗೇನೂ ಇಲ್ಲ” ಎಂದೆ.

ಆಮೇಲೆ ನಿನ್ನ ಕಾಲು ಬಾತಿತು, ಕೆಂಪಾಯಿತು, ಹೊಲಿಗೆಯ ಸುತ್ತ ಕೆರೆದು ಕೆರೆದು ರಕ್ತ ಬಂತು. ಎಷ್ಟು ಪರೀಕ್ಷೆ ಮಾಡಿಸಿದರೂ ಸೋಂಕು ಸಿಗಲಿಲ್ಲ. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: “ಹಿಂಗ ಆಗೂದು ಅಪರೂಪ. ನಕಲಿ ಒಡವ್ಯಾಗ ಇರೂವಂಥ ನಿಕ್ಕಲ್ ಲೋಹ ಪ್ಲೇಟಿನ್ಯಾಗೂ ಇರ್ತೈತಿ. ಮೈಯೊಳಗಿನ ಕಾವಲು ಅದನ್ನ ವೈರಿ ಅಂತ ತಿಳದು ಹೊಡದಾಡಾಕತ್ತೈತಿ. ಮೊದಲ ಗೊತ್ತಾಗಿದ್ರ ಬ್ಯಾರೆ ಲೋಹ ಹಾಕ್ತಿದ್ವಿ.” ಆಗಲೂ ಗೆಜ್ಜೆಯ ಮಾತೆತ್ತದೆ ಔಷಧದ ಚೀಟಿ ತೆಗೆದುಕೊಂಡು ಒಳಗೆ ಬಂದೆ.

ಎಲುಬು ಕೂಡುವವರೆಗೆ ಪ್ಲೇಟ್ ತೆಗೆಯುವಂತಿರಲಿಲ್ಲ. ಅಷ್ಟೂ ಕಾಲ ನೀನು ಸಹಿಸಿದೆ. “ನನ್ನ ಮೈನ ಸರಿ ಇಲ್ಲೋ ತಮ್ಮಾ. ಬೆಳ್ಳೀನೂ ತಡಕೊಳ್ಳಲಿಲ್ಲ, ಇದನ್ನೂ ತಡಕೊಳ್ಳವಲ್ದು” ಎಂದೆ — ನನಗೇ ಸಮಾಧಾನ ಹೇಳುವವಳಂತೆ. ಪ್ಲೇಟ್ ತೆಗೆದ ಮೇಲೆ ಗಾಯ ಮಾಯಿತು. ಆದರೆ ಕಾಲು ಮೊದಲಿನಂತೆ ಮಡಚಲು ಬರಲಿಲ್ಲ. ಹೆಂಗಸರ ಜೊತೆ ನೆಲಕ್ಕೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವುದು ನಿನಗೆ ಅಲ್ಲಿಗೇ ತಪ್ಪಿತು.

ಈಗ ನಿನ್ನ ಎಡ ಮೊಣಕಾಲು ಸವೆದಿದೆ. ಹಾವೇರಿಯಲ್ಲಿ ಹೊಸ ಕೀಲು ಹಾಕುತ್ತಾರಂತೆ. ಹೊಸ ಡಾಕ್ಟರು, ಹಳೆಯದೇನೂ ಅವರಿಗೆ ಗೊತ್ತಿಲ್ಲ. “ಹಳೇ ಸುದ್ದಿ ಯಾಕ ಹೇಳೂದು, ಆಪರೇಷನ್ ಬ್ಯಾಡ ಅಂದಾರು” ಎಂದು ನೀನೂ ಮುಚ್ಚಿಡಲು ಹೊರಟಿದ್ದೀ. ಕೀಲು ಪ್ಲೇಟಿನಂತಲ್ಲ ಅಕ್ಕಾ, ಒಗ್ಗದಿದ್ದರೆ ತೆಗೆದಿಟ್ಟು ಸುಮ್ಮನಿರಲು ಬರುವುದಿಲ್ಲ...

ನಾಳೆ ನಿನ್ನ ಜೊತೆ ನಾನೂ ಹಾವೇರಿಗೆ ಬರುತ್ತೇನೆ. ಡಾಕ್ಟರಿಗೆ ಎಲ್ಲವನ್ನೂ ನಿನ್ನೆದುರಿಗೇ ಹೇಳುತ್ತೇನೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ, ನನ್ನ ಮನಸ್ಸಿನ ಈ ಮಾತು ಇನ್ನೂ ಕೇಳದ ನೀನು ನನ್ನ ಹೆಗಲು ಹಿಡಿದೇ ಬರುತ್ತೀ, ನನಗೆ ಗೊತ್ತು. ಎಲ್ಲ ಕೇಳಿದ ಮೇಲೆ ಈ ಹೆಗಲು ಬೇಡವೆನಿಸಿದರೆ, ಇಳಿಯುವಾಗ ನೀನು ಬೇರೆ ಯಾರ ಹೆಗಲನ್ನಾದರೂ ಹಿಡಿ. ನಾನು ಹಿಂದೆ ಬರುತ್ತೇನೆ.