ಹನ್ನೊಂದು ನಿಮಿಷದ ಪ್ರಾರ್ಥನೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಟೈಪಿಂಗ್ ಅಕ್ಕ ಕಂಪ್ಯೂಟರಿನ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಕೈಮುಗಿದು ಕೂರುತ್ತಿದ್ದಳು. ಹದಿಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಮೊದಮೊದಲು ಮನೆಯವರಿಗಷ್ಟೇ ಒಳ್ಳೆಯದು ಕೇಳುತ್ತಿದ್ದಳು. ಕಂಪ್ಯೂಟರಿಗೆ ವಯಸ್ಸಾದಂತೆ ಅದು ಏಳುವುದು ತಡವಾಯಿತು, ಪ್ರಾರ್ಥನೆಯೂ ಉದ್ದವಾಯಿತು. ನಾದಿನಿ, ಓರಗಿತ್ತಿ, ಬಸ್ಸಿನ ಕಂಡಕ್ಟರು, ಕೊನೆಗೆ ಬೀದಿಯ ತುದಿಯಲ್ಲಿ ಹೊಸದಾಗಿ ಟೈಪಿಂಗ್ ಅಂಗಡಿ ಇಟ್ಟವನೂ ಪಟ್ಟಿಗೆ ಸೇರಿದ. ಈಗ ಪರದೆ ಬೆಳಗಲು ಹನ್ನೊಂದು ನಿಮಿಷ. ದೇವರಿಗೂ ಅಭ್ಯಾಸವಾಗಿಬಿಟ್ಟಿತ್ತೇನೋ.

ಅದೇ ಕೋಣೆಯ ಇನ್ನೊಂದು ಮಗ್ಗುಲಲ್ಲಿ ಗಂಡನ ಹೊಲಿಗೆ ಯಂತ್ರ. "ನಿನ್ನದು ಮುಗಿಯೋದ್ರೊಳಗೆ ನಾನೊಂದು ಜುಬ್ಬಾ ಹೊಲಿದಿರ್ತೀನಿ ಕಣೇ," ಎಂದು ಅವನು ದಿನಾ ಛೇಡಿಸುತ್ತಿದ್ದ.

ಒಂದು ಸೋಮವಾರ ನಿವೃತ್ತ ದನದ ಡಾಕ್ಟರು ಚೀಲ ಹೊತ್ತು ಬಂದರು. ಅದರ ತುಂಬ ಹಸು ಎಮ್ಮೆಗಳ ನಡುವೆ ಕಳೆದ ನಲವತ್ತು ವರ್ಷದ ನೆನಪು, ನೂರೈವತ್ತು ಪುಟ ಕೈಬರಹ.

"ಶನಿವಾರ ಪ್ರೆಸ್ಸಿಗೆ ಕೊಡ್ಬೇಕಮ್ಮ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡು, ಬೀದಿ ತುದಿಯವನಿಗೆ ಕೊಡ್ತೀನಿ."

ಅವಳು ಹೂಂ ಅಂದಳು. ಕಂಪ್ಯೂಟರು ಉಹೂಂ ಅಂದಿತು. ಒತ್ತಿದ ಅಕ್ಷರ ತೆವಳುತ್ತ ಪರದೆಗೆ ಬರುವಷ್ಟರಲ್ಲಿ ಅವಳ ಕಣ್ಣು ಮುಂದಿನ ಸಾಲಿನಲ್ಲಿರುತ್ತಿತ್ತು. ಸಂಜೆಗೆ ಆರೇ ಪುಟ. ಈ ಕೆಲಸ ಕೈತಪ್ಪಿದರೆ ಉಳಿದ ಗಿರಾಕಿಗಳೂ ಬೀದಿಯ ತುದಿಗೇ ನಡೆಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಹೊಸ ಕುರ್ಚಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಹಳೆಯ ರ‍್ಯಾಮ್ ಮತ್ತು ಸುಸ್ತಾದ ಡಿಸ್ಕಿನ ಬದಲಿಗೆ ಒಂದು ಪುಟ್ಟ ಎಸ್‌ಎಸ್‌ಡಿ ಬರುತ್ತದೆಂದು ಸೆಕೆಂಡ್‌ಹ್ಯಾಂಡ್ ಅಂಗಡಿಯ ಕನ್ನಡಕದಣ್ಣ ಫೋನಿನಲ್ಲಿ ಹೇಳಿದ.

"ನಾನು ತರ್ತೀನಿ," ಎಂದು ಗಂಡ ಎದ್ದ. ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಕೊರಳಲ್ಲಿದ್ದ ಟೇಪಿನಿಂದ ಒಳಗಿದ್ದ ರ‍್ಯಾಮ್ ಅಳೆದ. "ಐದೂಕಾಲು ಇಂಚು. ಇನ್ನು ತಪ್ಪೋ ಮಾತೇ ಇಲ್ಲ."

ಕನ್ನಡಕದಣ್ಣನ ಅಂಗಡಿಯ ಹಳೆ ಸಾಮಾನಿನ ಡಬ್ಬಕ್ಕೆ ಕೈಹಾಕಿ, ತಾನೇ ಅಳೆದು ಆರಿಸಿ ತಂದ. ಎಷ್ಟು ಒತ್ತಿದರೂ ಅದು ಕೂರಲಿಲ್ಲ. ಉದ್ದ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಆದರೆ ಅಂಚಿನ ಕಚ್ಚು ಬೇರೆ ಜಾಗದಲ್ಲಿತ್ತು.

"ಕತ್ತರಿ ಕೊಡು. ಒಂಚೂರು ಆಲ್ಟರ್ ಮಾಡ್ತೀನಿ."

"ಅಯ್ಯೋ ರೀ!" ಅವಳು ರ‍್ಯಾಮನ್ನು ಕಿತ್ತು ಎದೆಗವಚಿಕೊಂಡಳು. ನಗು ತಡೆಯಲಾಗದೆ ನೆಲದ ಮೇಲೇ ಕುಳಿತಳು.

ಸರಿಯಾದ ರ‍್ಯಾಮ್ ಹಿಡಿದು ಕನ್ನಡಕದಣ್ಣನೇ ಬಂದ. "ಭಾವ, ಇದಕ್ಕೆ ಅಳತೆ ಅಲ್ಲ, ಜಾತಿ ನೋಡ್ಬೇಕು. ಡಾಕ್ಟ್ರನ್ನ ಕೇಳಿದ್ರೂ ಹೇಳ್ತಿದ್ರು!" ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಿದ. ಆದರೆ ಅಂಗೈಯಗಲದ ಆ ಎಸ್‌ಎಸ್‌ಡಿಗೆ ಹಳೆಯ ದೊಡ್ಡ ಡಿಸ್ಕಿನ ಗೂಡು ತೀರಾ ಸಡಿಲ, ಅದು ವೈರಿನ ತುದಿಯಲ್ಲಿ ಜೋತಾಡುತ್ತಿತ್ತು.

ಈಗ ಗಂಡನ ಸರದಿ. ಐದೇ ನಿಮಿಷದಲ್ಲಿ ಎಲಾಸ್ಟಿಕ್ ಪಟ್ಟಿಯ ಒಂದು ಜೇಬು ಹೊಲಿದು, ಎಸ್‌ಎಸ್‌ಡಿಯನ್ನು ಅದರಲ್ಲಿ ಕೂರಿಸಿ ಒಳಗಿನ ಕಂಬಿಗೆ ಕಟ್ಟಿದ. "ಜೇಬು ಹೊಲಿಯೋಕೆ ಜಾತಿ ಬೇಕಿಲ್ಲ, ನೋಡಯ್ಯ!"

ಅಕ್ಕ ಗುಂಡಿ ಒತ್ತಿ ಕಣ್ಣು ಮುಚ್ಚಿದಳು. ಪ್ರಾರ್ಥನೆಯಲ್ಲಿ ಮಗಳ ಹೆಸರು ಮುಗಿದು ಗಂಡನದು ಬರುವಷ್ಟರಲ್ಲಿ ಕಂಪ್ಯೂಟರು ಟಿಣ್ ಎಂದಿತು. ಬೆಚ್ಚಿ ಕಣ್ಣು ಬಿಟ್ಟಳು. ಪರದೆ ಝಗಝಗ.

"ಹದಿನೆಂಟು ಸೆಕೆಂಡ್!" ಎಂದು ಗಂಡ ಕೂಗಿದ. ನಂಬಲಾಗದೆ ಆರಿಸಿ ಮತ್ತೆ ಹಾಕಿದರು. ಮತ್ತೆ ಹದಿನೆಂಟು. ಏಳು ಸಲ ಹಾಗೆ ಮಾಡಿ ಮೂವರೂ ಜಾತ್ರೆಯ ಮಕ್ಕಳಂತೆ ಚಪ್ಪಾಳೆ ತಟ್ಟಿದರು.

ಹಸು ಎಮ್ಮೆಗಳು ಪರದೆಯ ಮೇಲೆ ಓಡತೊಡಗಿದವು. ಶುಕ್ರವಾರ ಮಧ್ಯಾಹ್ನಕ್ಕೆ ನೂರೈವತ್ತನೆಯ ಪುಟ. ಡಾಕ್ಟರು ಓದಿ ನೋಡಿ, "ಎರಡನೇ ಭಾಗಾನೂ ನಿನಗೇ ಕಣಮ್ಮ," ಎಂದು ಹೋದರು.

ಸಂಜೆ ಕನ್ನಡಕದಣ್ಣ ಸುದ್ದಿ ಕೇಳಿ ಉಬ್ಬಿಹೋದ. "ಅಕ್ಕಾ, ಒಳಗೆ ಬೇಡದ್ದನ್ನೆಲ್ಲ ತೆಗೆದು ಹನ್ನೆರಡು ಸೆಕೆಂಡಿಗೆ ಇಳಿಸಿ ಕೊಡ್ತೀನಿ. ದುಡ್ಡು ಬೇಡ, ನನ್ನ ಖುಷಿಗೆ."

"ಬೇಡ್ವೇ ಬೇಡಪ್ಪ," ಎಂದು ಅವಳು ಕಂಪ್ಯೂಟರಿಗೆ ಅಡ್ಡ ನಿಂತಳು. "ಎಲ್ಲರನ್ನೂ ಹದಿನೆಂಟು ಸೆಕೆಂಡಲ್ಲಿ ತುರುಕೋಕೆ ಈಗಷ್ಟೇ ಕಲಿತಿದ್ದೀನಿ. ಇನ್ನೂ ಆರು ಕಿತ್ಕೊಂಡ್ರೆ ಯಾರು ಬಿಟ್ಟುಹೋಗ್ತಾರೆ ಗೊತ್ತಾ? ಮೊನ್ನೆ ತಾನೇ ಸೇರಿಸ್ದೆ, ಪಟ್ಟಿಲಿ ಕೊನೇಲಿರೋದು ನೀನೇ!"