ಕರಿ ಚೀಲದ ಕಾಯಿಪಲ್ಲೆ

ನಾನು ಜಿಪುಣಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲವಾದರೆ ನಮ್ಮ ಮನೆಯವರು ಹೇಳುತ್ತಾರೆ, ಅವರು ಹೇಳಿದರೆ ಉದಾಹರಣೆಗಳ ಸಮೇತ ಹೇಳುತ್ತಾರೆ. ಮನೆಗೆ ಬಂದ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಕಿರುಪರೀಕ್ಷೆಯ ಪ್ರಶ್ನೆಗಳನ್ನು ಬರೆದುಕೊಳ್ಳುವ ಶಿಕ್ಷಕಿ ನಾನು. ಶಿಗ್ಗಾಂವಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳು ನನ್ನನ್ನು ದೂರದಿಂದ ಕಂಡೊಡನೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂಡುತ್ತಾಳೆ. ಕೊನೆಗೆ ಒಂದು ಹಿಡಿ ಕೊತ್ತಂಬರಿಯನ್ನು ಕೊಸರಾಗಿ ಹಾಕಿಸಿಕೊಳ್ಳದೆ ನಾನು ಅಲ್ಲಿಂದ ಕದಲುವುದಿಲ್ಲವೆಂದು ಅವಳಿಗೂ ಗೊತ್ತು.

ಇಂಥ ನಾನು ಒಂದು ಕಡೆ ಮಾತ್ರ ಬೆಲೆ ಕೇಳುತ್ತಿರಲಿಲ್ಲ. ಅದು ಮೆಡಿಕಲ್ ಶಾಪು, ಕೊಳ್ಳಬೇಕಾದದ್ದು ಸ್ಯಾನಿಟರಿ ಪ್ಯಾಡು. ಅದನ್ನು ಕೊಳ್ಳುವುದಕ್ಕೊಂದು ಪದ್ಧತಿಯೇ ಇದೆ. ಮೊದಲು ಅಂಗಡಿಯಲ್ಲಿರುವ ಗಂಡಸರೆಲ್ಲ ಹೋಗಲಿ ಎಂದು ಕಾಯಬೇಕು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಕೆಮ್ಮಿನ ಗುಳಿಗೆ ಕೊಳ್ಳಬೇಕು. ಆಮೇಲೂ ಒಬ್ಬ ಉಳಿದಿದ್ದರೆ ತಲೆನೋವಿನ ಮುಲಾಮು. ಅಂಗಡಿ ಖಾಲಿಯಾದ ಮೇಲೆ ಮಾತಾಡದೆ ಗದ್ದ ಎತ್ತಿ ಮೇಲಿನ ಹಲಗೆಯನ್ನು ತೋರಿಸಿದರೆ, ಅಂಗಡಿಯವನು ಕದ್ದ ಮಾಲು ದಾಟಿಸುವವನಂತೆ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕರಿ ಕ್ಯಾರಿಬ್ಯಾಗಿಗೆ ಹಾಕಿ, ಬಿಗಿಯಾಗಿ ಗಂಟು ಹೊಡೆದು ಕೊಡುತ್ತಾನೆ. ಅವನು ಹೇಳಿದಷ್ಟು ಕೊಟ್ಟು, ಚಿಲ್ಲರೆ ಎಣಿಸದೆ ಹೊರಬೀಳಬೇಕು. ನಮ್ಮ ಮನೆಯ ಕಪಾಟಿನಲ್ಲಿ ಕೂಡಿಬಿದ್ದಿರುವ ಕೆಮ್ಮಿನ ಗುಳಿಗೆಗಳಿಂದ ಇಡೀ ಓಣಿಯ ಕೆಮ್ಮು ವಾಸಿಯಾದೀತು.

ಊರಿನ ಅಂಗಡಿಯವರೆಲ್ಲ ಪರಿಚಯದವರು. ನಾನು ಪಾಠ ಹೇಳುವ ಸವಣೂರಿನಲ್ಲಾದರೆ ಮೆಡಿಕಲ್ ಶಾಪಿನ ಹುಡುಗರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ ಆದ ಮೇಲೆ ಒಮ್ಮೆ ಇದೊಂದೇ ಕೆಲಸಕ್ಕೆ ಹಾನಗಲ್ಲಿಗೆ ಹೋದೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಕ್ಕಿಲ್ಲ ಎಂಬ ಧೈರ್ಯ. ಅಲ್ಲಿಯ ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ಕೆಮ್ಮಿನ ಗುಳಿಗೆ ಕೊಳ್ಳುತ್ತ ನಿಂತಿದ್ದವಳು ನಮ್ಮ ಶಿಗ್ಗಾಂವಿಯವಳೇ, ಹಿಂದಿನ ಓಣಿಯವಳು. ಇಬ್ಬರೂ ಒಬ್ಬರ ಕೆಮ್ಮನ್ನು ಒಬ್ಬರು ವಿಚಾರಿಸಿಕೊಂಡೆವು.

ಈ ಕರಿ ಚೀಲದ ಬಗ್ಗೆ ಒಂದು ಮಾತು ಹೇಳಬೇಕು. ಯಾರಿಗೂ ಗೊತ್ತಾಗಬಾರದೆಂದು ಇದು ಹುಟ್ಟಿದ್ದು. ಆದರೆ ನಮ್ಮ ಕಡೆ ಕರಿ ಚೀಲದಲ್ಲಿ ಬರುವುದು ಮೂರೇ ಸಾಮಾನು: ಬಾಟಲಿ, ಮಟನ್ನು, ಇಲ್ಲವೇ ಇದು. ಹೀರೇಕಾಯಿಯನ್ನು ಯಾರೂ ಕರಿ ಚೀಲದಲ್ಲಿ ತರುವುದಿಲ್ಲ. ಹೀಗಾಗಿ ಕರಿ ಚೀಲ ಹಿಡಿದು ಓಣಿಯಲ್ಲಿ ಬರುವುದೂ ಒಂದೇ, ಡಂಗುರ ಸಾರಿಸುತ್ತ ಬರುವುದೂ ಒಂದೇ. ಡಂಗುರದಲ್ಲಾದರೆ ಇಂಥದ್ದೇ ಎಂದು ಹೇಳುತ್ತಾರೆ, ಇಲ್ಲಿ ಮೂರರಲ್ಲಿ ಯಾವುದು ಎಂಬುದನ್ನು ನೋಡುವವರಿಗೇ ಬಿಟ್ಟಿರುತ್ತದೆ.

ಮುಚ್ಚಿಡುವುದರಲ್ಲಿ ನಾವು ಮೊದಲಿನಿಂದಲೂ ಗಟ್ಟಿಗರು. ಹೊರಗಾದಳು ಅಂದೆವು, ಕಡೆಗೆ ಕುಂತಳು ಅಂದೆವು, ಮಕ್ಕಳು ಕೇಳಿದರೆ ಕಾಗೆ ಮುಟ್ಟಿದೆ ಅಂದೆವು. ಪಾಪ, ತಲೆಮಾರುಗಟ್ಟಲೆ ಆ ಕಾಗೆ ಮಾಡದ ತಪ್ಪು ಹೊತ್ತುಕೊಂಡು ಹಾರಾಡಿತು. ಹಾಗೆ ನೋಡಿದರೆ ನಮ್ಮಲ್ಲಿ ಇದಕ್ಕೆ ಕಾರಣವೇ ಇರಬಾರದಿತ್ತು. ಶರಣರು ಐದೂ ಸೂತಕಗಳನ್ನು ತಳ್ಳಿಹಾಕಿದರು, ಲಿಂಗ ಕಟ್ಟಿಕೊಂಡವಳಿಗೆ ಮುಟ್ಟಿನ ಮೈಲಿಗೆ ಇಲ್ಲ ಅಂದರು. ನಾವು ಲಿಂಗವನ್ನೂ ಕಟ್ಟಿಕೊಂಡೆವು, ಹಿತ್ತಲಿನ ಗೂಡಿನಲ್ಲಿ ಮೂರು ದಿನದ ಬೇರೆ ತಾಟನ್ನೂ ಇಟ್ಟುಕೊಂಡೆವು.

ಆದರೆ ನನ್ನ ಅತ್ತೆ ಆ ವಿಷಯದಲ್ಲಿ ಧಾರಾಳಿ. ನಾನು ಈ ಮನೆಗೆ ಬಂದ ಮೊದಲ ತಿಂಗಳೇ ಆ ತಾಟನ್ನು ತೆಗೆದು ಎಮ್ಮೆಗೆ ಹಿಂಡಿ ಕಲಸಲು ಕೊಟ್ಟುಬಿಟ್ಟರು. “ಮೂರು ದಿನ ಹೊರಗ ಕುಂತ್ರ ಸಾಲಿ ಯಾರ ನಡಸ್ತಾರ? ಒಳಗ ಬಾ,” ಅಂದರು. ಅಷ್ಟೇ. ಭಾಷಣವಿಲ್ಲ, ಏನಿಲ್ಲ. ಅಂಥವರ ಮನೆಯಲ್ಲಿ ನಾನು ಇಷ್ಟು ವರ್ಷ ಪ್ಯಾಡನ್ನು ಯಾರಿಂದ ಮುಚ್ಚಿಡುತ್ತಿದ್ದೆನೋ ನನಗೇ ತಿಳಿಯದು. ಅಂಗಡಿಯವನು ಕಟ್ಟಿದ ಗಂಟನ್ನು ಹಾಗೇ ಮುಂದುವರಿಸಿದೆ, ಅಷ್ಟೇ.

ಮಗಳು ಸಹನಾ ದೊಡ್ಡವಳಾದಳು. ಖರ್ಚು ಇಮ್ಮಡಿಯಾಯಿತು, ನನ್ನ ಜಿಪುಣತನ ಎದ್ದು ಕೂತಿತು. ಮೊದಲು ಬಟ್ಟೆಯ ಪ್ರಯೋಗ. ಮಾವನವರ ಹಳೆಯ ಧೋತರಗಳು ಟ್ರಂಕಿನಲ್ಲಿದ್ದವು, ಬೆಣ್ಣೆಯಂಥ ಅರಿವೆ. ಪದರು ಪದರಾಗಿ ಮಡಚಿ, ಅಂಚು ಹೊಲಿದು, ಗುಂಡಿ ಹಚ್ಚಿ, ಅಂಗಡಿಯ ಪ್ಯಾಡು ನಾಚುವ ಹಾಗೆ ತಯಾರಿಸಿದೆ. ಅವು ಕೇಳುವುದು ಒಂದನ್ನೇ, ಬಿಸಿಲು. ನಾನು ಅದೊಂದನ್ನು ಬಿಟ್ಟು ಎಲ್ಲ ಕೊಟ್ಟೆ. ಟವೆಲ್ಲಿನ ಅಡಿಗೆ ಒಣಹಾಕಿದೆ, ಒಣಗಲಿಲ್ಲ. ಅಡಿಗೆಮನೆಯ ಹಿಂದಿನ ಹಗ್ಗದ ಮೇಲೆ ಸೀರೆ ಹೊದಿಸಿ ಹಾಕಿದೆ. ಒಂದು ಬೆಳಿಗ್ಗೆ ನಮ್ಮ ಮನೆಯವರು ಹೊಸದೊಂದನ್ನು ಎಳೆದುಕೊಂಡು ಚಹಾದ ಪಾತೇಲಿ ಇಳಿಸಿ, “ಚಲೋ ಹೊಲದೀ ನೋಡು, ಕೈ ಒಟ್ಟ ಸುಡೂದಿಲ್ಲ,” ಎಂದು ಮೆಚ್ಚಿಕೊಂಡರು. ಅಂದಿಗೆ ಆ ಪ್ರಯೋಗ ಮುಗಿಯಿತು. ಉಳಿದವು ಇವತ್ತಿಗೂ ನಮ್ಮ ಒಲೆಯ ಹತ್ತಿರವೇ ಇವೆ.

ಆಮೇಲೆ ಬಂದದ್ದು ಮುಟ್ಟಿನ ಕಪ್. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ ಎಂದು ನನ್ನ ಜೊತೆಯ ಗಣಿತದ ಶಿಕ್ಷಕಿ ಶಮೀಮ್ ಹೇಳಿದ್ದಳು. ಅವಳು ಅದನ್ನು ಬಳಸುತ್ತಾಳೆ, ಸುಖವಾಗಿದ್ದಾಳೆ. ನಾನೂ ತರಿಸಿದೆ. ಅದು ಕಪಾಟಿನಲ್ಲಿ ಕೆಮ್ಮಿನ ಗುಳಿಗೆಗಳ ಪಕ್ಕದಲ್ಲಿ ನನ್ನ ಧೈರ್ಯದ ದಾರಿ ಕಾಯುತ್ತ ಕೂತಿದೆ.

ಕೊನೆಗೆ ಶಮೀಮಳೇ ಇನ್ನೊಂದು ದಾರಿ ತೋರಿಸಿದಳು. ಅವಳ ಮೈದುನನದು ಸವಣೂರಿನಲ್ಲಿ ಹೋಲ್‌ಸೇಲ್ ಅಂಗಡಿ. ಡಜನ್ ಲೆಕ್ಕದಲ್ಲಿ ಒಯ್ದರೆ ಅದೇ ಪ್ಯಾಡು ಎಷ್ಟೋ ಸಸ್ತಾ. ಶ್ರಾವಣದ ಒಂದು ಸೋಮವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೋಗಿ ಆರು ತಿಂಗಳ ದಾಸ್ತಾನು ಕಟ್ಟಿಸಿದೆವು. ಮೈದುನ ಸಂಭಾವಿತ ಮನುಷ್ಯ, ಅತ್ತಿಗೆಯ ಮುಂದೆ ತಲೆ ತಗ್ಗಿಸಿಕೊಂಡೇ ದೊಡ್ಡದೊಂದು ಕರಿ ಚೀಲ ತುಂಬಿಸಿ, ಗಂಟು ಹೊಡೆದು ಕೊಟ್ಟ. ಉಳಿದ ಹಣದಲ್ಲಿ ಅತ್ತೆಗೆ ಸವಣೂರಿನ ವೀಳ್ಯದೆಲೆ ಕೊಂಡೆ. ದಿನವೂ ಒಯ್ಯುತ್ತೇನೆ. ಆ ಎಲೆ ಹಾಕಿಕೊಳ್ಳದೆ ಅವರಿಗೆ ಊಟ ಮುಗಿದಂತಾಗುವುದಿಲ್ಲ.

ಬಸ್ಸಿನಲ್ಲಿ ನನ್ನ ಹಿಂದೆಯೇ ನಮ್ಮ ಎದುರು ಮನೆಯ ನೀಲವ್ವ ಕೂತಿದ್ದಳು. ನಾನು ಚೀಲವನ್ನು ಕಾಲಬುಡದಲ್ಲಿ ಇಟ್ಟು ಸೀರೆಯ ನೆರಿಗೆಯಿಂದ ಮುಚ್ಚಿದ್ದನ್ನು ನೋಡಿದಳು.

“ಏನ ತಂದೀರಿ ಟೀಚರ್, ಭಾಳ ದೊಡ್ಡ ಗಂಟೈತಿ?”

ಪಕ್ಕದಲ್ಲಿ ಹುಲಗೂರಿನ ಕಡೆಯ ಇಬ್ಬರು ಹಿರಿಯ ಗಂಡಸರು ಕೂತಿದ್ದರು. “ಕಾಯಿಪಲ್ಲೆ ರೀ,” ಅಂದುಬಿಟ್ಟೆ. ನೀಲವ್ವ ಚೀಲವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಕಿಟಕಿಯ ಕಡೆ ತಿರುಗಿದಳು. ಪಾರಾದೆನೆಂದುಕೊಂಡೆ.

ಮರುದಿನದಿಂದ ಅತ್ತೆ ಬೇರೆ ಅಡಿಗೆ ಮಾಡಿಕೊಳ್ಳತೊಡಗಿದರು. ಹಿತ್ತಲಿನ ಒಲೆಯ ಮೇಲೆ ತಮ್ಮಷ್ಟಕ್ಕೆ ಎರಡು ರೊಟ್ಟಿ ತಟ್ಟಿ, ಒಂದು ತಾಟು, ಒಂದು ತಂಬಿಗೆ ಬೇರೆ ಇಟ್ಟುಕೊಂಡು, ತಾವೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದರು. ಕೇಳಿದರೆ, “ಶ್ರಾವಣ ಯವ್ವಾ, ವ್ರತ ಹಿಡದೇನಿ,” ಅಂದರು. ಇರಬಹುದು ಎಂದುಕೊಂಡೆ. ಸಂಜೆ ಎಲೆ ಕೊಟ್ಟೆ. “ಎಲಿ ಬಿಟ್ಟೇನಿ,” ಅಂದರು. ಆಗ ನನಗೆ ದಿಗಿಲಾಯಿತು. ಮಾವನವರು ತೀರಿಕೊಂಡಾಗಲೂ ಅವರು ಎಲೆ ಬಿಟ್ಟವರಲ್ಲ.

ನನ್ನ ಎಲೆಗಳು ಒದ್ದೆ ಅರಿವೆಯಲ್ಲಿ ಬಾಡುತ್ತ ಹೋದವು. ವಾರ ಕಳೆಯುವುದರೊಳಗೆ ಅತ್ತೆ ತಮ್ಮ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿಗೆ ಕೊಟ್ಟಿರುವ ತಮ್ಮ ಮಗಳ ಮನೆಗೆ ಹೋಗುತ್ತಾರಂತೆ. ಎಷ್ಟು ದಿನಕ್ಕೆ ಎಂದರೆ, “ನೋಡೂಣು,” ಅಂದರು. ನಮ್ಮ ಮನೆಯವರು ಕೇಳಿದರು, ಅದೇ ಉತ್ತರ. ನಾನು ಅವರ ಕೈಯಡಿಯಲ್ಲೇ ಅಡಿಗೆ ಕಲಿತವಳು, ಸಹನಾ ಅವರ ಬೆನ್ನಿಗೇ ಅಂಟಿಕೊಂಡು ಬೆಳೆದವಳು. ಅವರಿಲ್ಲದ ಪಡಸಾಲೆಯನ್ನು ನಾವಿಬ್ಬರೂ ಕಂಡವರೇ ಅಲ್ಲ. ನಾನೇನು ಅಂದೆ, ಯಾವಾಗ ಅಂದೆ ಎಂದು ಹುಡುಕಿ ಹುಡುಕಿ ಸೋತೆ.

ಹೊರಡುವ ಹಿಂದಿನ ಸಂಜೆ ಸಹನಾ ಬಂದು ನನ್ನ ಪಕ್ಕ ಕೂತಳು.

“ಮಮ್ಮಿ, ಖರೇ ಹೇಳು. ನೀ ಮಟನ್ ತಿಂತೀಯೇನು?”

“ಯಾರ ಹೇಳಿದ್ರು?”

“ಅಜ್ಜಿ ಕೇಳಿದ್ಲು. ನೀಲವ್ವಕ್ಕ ನೋಡ್ಯಾಳಂತ, ಶ್ರಾವಣ ಸೋಮವಾರ ಸವಣೂರಿಂದ ಕರೀ ಚೀಲ ತುಂಬ ತಂದೀ ಅಂತ. ಕಾಯಿಪಲ್ಲೆ ಅಂದ್ಯಂತ. ಆದ್ರ ಅವತ್ತ ಮನ್ಯಾಗ ಒಂದ ಕಾಯಿಪಲ್ಲೆನೂ ಇರಲಿಲ್ಲಲ್ಲ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಟ್ಟಿನ ಮೂರು ದಿನ ನನ್ನನ್ನು ಹೊರಗೆ ಕೂಡಿಸದವರು, ಆ ದಿನಗಳ ಸಾಮಾನಿನ ದೆಸೆಯಿಂದ ತಾವೇ ಬೇರೆ ತಾಟು ಹಿಡಿದು ಹೊರಗೆ ಕೂತಿದ್ದರು. ಮುಖದ ಮೇಲೆ ಕೇಳಿ ನನಗೆ ಅವಮಾನ ಮಾಡಬಾರದೆಂದು ಎಲೆಯನ್ನೂ ಬಿಟ್ಟು, ಮನೆಯನ್ನೂ ಬಿಡಲು ಹೊರಟಿದ್ದರು.

ಸ್ಟೂಲು ಹತ್ತಿ, ಅಟ್ಟದ ಮೇಲೆ ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದ ಕರಿ ಚೀಲವನ್ನು ಇಳಿಸಿ ಅವರ ಮುಂದೆ ತಂದಿಟ್ಟೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಸರಿದು ಕೂತರು. ಗಂಟು ಬಿಚ್ಚಲು ಬರಲಿಲ್ಲ, ಹರಿದೆ. ಪಾಕೀಟುಗಳು ಪಡಸಾಲೆಯ ತುಂಬ ಜಾರಿಬಿದ್ದವು.

ಅತ್ತೆ ಮೂಗಿನ ಮೇಲಿನ ಸೆರಗನ್ನು ನಿಧಾನವಾಗಿ ತೆಗೆದರು. ಒಂದು ಪಾಕೀಟು ಎತ್ತಿ, ಚಾಳೀಸು ಹಾಕಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದನ್ನ ಮುಚ್ಚಿ ತಂದ್ಯಾ?”

“ಹೌದ್ರಿ ಅತ್ತಿ.”

“ನನ್ನ ಮುಂದೂ ಮುಚ್ಚಿದ್ಯಾ?”

ಅವರು ಪಾಕೀಟುಗಳನ್ನು ಒಂದೊಂದಾಗಿ ಕೂಡಿಸಿ ಜೋಡಿಸತೊಡಗಿದರು. “ನಮ್ಮವು ಹಳೇ ಅರಿವಿ,” ಅಂದರು. “ಬಣವಿ ಸಂದ್ಯಾಗ ಒಣಗಿಸ್ತಿದ್ವಿ. ಯಾರರ ಬಂದ್ರ ಹಸೀದನ್ನ ಎಳಕೊಂಡು ಓಡ್ತಿದ್ವಿ. ನೀ ನೌಕರಿ ಮಾಡಾಕಿ, ನಿನಗೂ ಅಂಜಿಕೆನಾ?” ಆಮೇಲೆ ಗೋಡೆಗೆ ಒರಗಿ, “ಏಳು ದಿನ ಬರೀ ಖಾರ ಹಚ್ಕೊಂಡು ರೊಟ್ಟಿ ತಿಂದ್ನಲ್ಲ ನಾನು. ಎಲಿ ತಾ ಇಲ್ಲಿ,” ಅಂದರು.

ಇದ್ದ ಎಲೆಗಳೆಲ್ಲ ಬಾಡಿದ್ದವು. ಬಾಡಿದ್ದನ್ನೇ ಹಾಕಿಕೊಂಡರು. ಚಿಕ್ಕೇರೂರಿನ ಚೀಲ ಬಿಚ್ಚಿ ಸಹನಾ ಸೀರೆಗಳನ್ನು ಟ್ರಂಕಿಗೆ ಇಟ್ಟು ಬಂದಳು.

ಮರುದಿನ ಶಮೀಮಳಿಗೆ ಹೇಳಿದೆ. ಅವಳು ಸ್ಟಾಫ್ ರೂಮಿನಲ್ಲಿ ಕಣ್ಣೀರು ಬರುವಷ್ಟು ನಕ್ಕಳು. “ಟೀಚರ್, ನಮ್ಮ ಮನ್ಯಾಗ ಮಟನ್ ತರೂದು ಸ್ಟೀಲ್ ಡಬ್ಬ್ಯಾಗ್ರಿ,” ಅಂದಳು. “ಕರೀ ಚೀಲದಾಗ ತರೂದು ಇದೊಂದನ್ನ.”

ಮುಂದಿನ ಸಲ ದಾಸ್ತಾನು ತರುವ ಹೊತ್ತಿಗೆ ಅತ್ತೆ ತಾವೇ ಬರುತ್ತೇನೆಂದರು. ಬಸ್ಸು ಹೇಗೂ ಪುಕ್ಕಟೆ. ಸಂತೆಯ ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದವರು ಅಂಗಡಿಯಲ್ಲಿ ಶಮೀಮಳ ಮೈದುನ ಕರಿ ಚೀಲ ಎತ್ತಿಕೊಂಡ ತಕ್ಷಣ ತಡೆದರು. “ಅದ ಬ್ಯಾಡಪ್ಪ. ಅದರ ದುಡ್ಡ ಕಡಿಮಿ ಹಿಡಿ,” ಅಂದರು. ಚೀಲಕ್ಕೆ ದುಡ್ಡೇ ಇಲ್ಲವೆಂದು ಅವನು ಹೇಳಿದ. “ಹಂಗಾದ್ರ ಮಾಲಿನಾಗ ಹಿಡಿ,” ಅಂದರು. ಅವನು ಹಿಡಿದ. ನಾನು ಜಿಪುಣತನವನ್ನು ಯಾರಿಂದ ಕಲಿತೆನೆಂದು ಇನ್ನು ಹೇಳಬೇಕಾಗಿಲ್ಲ.

ಮರಳುವ ಬಸ್ಸಿನಲ್ಲಿ ನೀಲವ್ವ ಸಿಕ್ಕಳು, ನಮ್ಮೆದುರಿನ ಸೀಟಿನಲ್ಲೇ. ಅತ್ತೆಯ ಕೈಚೀಲದಿಂದ ಮೆಂತ್ಯದ ಸಿವುಡಿನ ಜೊತೆಗೆ ಪಾಕೀಟುಗಳು ಹೊರಗೆ ಇಣುಕುತ್ತಿದ್ದವು. ಅವಳು ಕೇಳುವ ಮೊದಲೇ ಅತ್ತೆ ಒಂದನ್ನು ತೆಗೆದು ಅವಳ ಉಡಿಯಲ್ಲಿ ಇಟ್ಟರು.

“ಕಾಯಿಪಲ್ಲೆ ನೋಡು ನೀಲವ್ವ. ಅಂಗಡಿ ರೇಟಿಗಿಂತ ಭಾಳ ಸಸ್ತಾ. ನಿನ್ನ ಸೊಸಿಗೂ ಬೇಕಾದ್ರ ಹೇಳು, ಕೂಡಿ ಒಯ್ದ್ರ ಇನ್ನೂ ಸಸ್ತಾ ಬೀಳತೈತಿ.”

ನೀಲವ್ವ ಕೆಂಪಾದಳು. ಬೆಲೆಯನ್ನು ಓದಿದಳು, ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ಅತ್ತ ಇತ್ತ ನೋಡಿ, ಅತ್ತೆಯ ಕಿವಿಯ ಹತ್ತಿರ ಬಾಗಿದಳು.

“ನನಗೂ ಒಂದ ಡಜನ್ ಹೇಳ್ರಿ ಯಕ್ಕಾ. ಆದ್ರ ಕರೀ ಚೀಲದಾಗ ಹಾಕಿಸ್ಕೊಂಡ ಬರ್ರಿ.”

“ಕರೀ ಚೀಲದಾಗ ತಂದ್ರ,” ಅತ್ತೆ ನಾನು ಕೊಂಡ ಹಸಿ ಎಲೆಯೊಂದನ್ನು ಸೆರಗಿಗೆ ಒರೆಸಿ, ಸುಣ್ಣ ಹಚ್ಚುತ್ತ ಹೇಳಿದರು, “ನಿನ್ನ ಮನ್ಯಾಗ ನಾ ನೀರೂ ಕುಡ್ಯಾಂಗಿಲ್ಲ ನೋಡು.”