ಖಾಲಿ ಕುರ್ಚಿಗಳಿಗೆ ಕಾದಂಬರಿ ಓದುವ ರುದ್ರೇಶ್

ಬೆಳಗಿನ ಆರು ಗಂಟೆ. ಶಿವಮೊಗ್ಗದ ವಿನೋಬನಗರದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಖಾಲಿ. ಭದ್ರಾವತಿಯಿಂದ ಲಗೇಜ್ ಆಟೊದಲ್ಲಿ ಬಂದ ‘ಮೈಕ್‌ಸೆಟ್ ರುದ್ರೇಶ್’ ವಯರ್ ಎಳೆದು, ಸ್ಪೀಕರ್ ಏರಿಸಿ ಮೈಕ್ ಹಿಡಿಯುತ್ತಾರೆ. ‘ಹಲೋ ಹಲೋ, ಒನ್ ಟೂ ತ್ರೀ’ ಎನ್ನುವುದಿಲ್ಲ. ಚೀಲದಿಂದ ಪುಸ್ತಕ ತೆಗೆದು ಓದುತ್ತಾರೆ: “ಕಾರ್ಖಾನೆಯ ಸೈರನ್ ನಿಂತ ಮರುದಿನ ಕ್ವಾರ್ಟರ್ಸಿನ ಹೆಂಗಸರಿಗೆ ಅನ್ನಕ್ಕೆ ಎಸರು ಯಾವಾಗ ಇಡಬೇಕೆಂಬುದೇ ತಿಳಿಯಲಿಲ್ಲ.”

ಗುಡಿಸುತ್ತಿದ್ದ ಜಲಜಮ್ಮ ಪೊರಕೆ ಹಿಡಿದೇ ನಿಲ್ಲುತ್ತಾರೆ. “ಇದು ಹೋದ್ಸಲಾನೇ ಓದಿದ್ರಿ ಮಾರಾಯ್ರೆ. ಮುಂದೆ ಹೇಳಿ. ಆ ಸೆಲ್ವಿ ಆಮೇಲೆ ಏನ್ ಮಾಡಿದ್ಲು?”

ಸೆಲ್ವಿ ಯಾರೆಂದು ಈ ಊರಿನ ಸಾಹಿತಿಗಳನ್ನು ಕೇಳಿ ನೋಡಿ. ಒಬ್ಬರಿಗೂ ಗೊತ್ತಿಲ್ಲ. ಆಕೆ ರುದ್ರೇಶ್ ಬರೆದ ‘ಎಸರಿಟ್ಟ ಹೊತ್ತು’ ಕಾದಂಬರಿಯ ನಾಯಕಿ. ಇದು ಅವರ ನಾಲ್ಕನೆಯದು. ತಂದೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ದುಡಿದವರು. ಮಗ ಅಲ್ಲಿನ ನ್ಯೂ ಟೌನಿನಲ್ಲಿ ತಮಿಳು, ತೆಲುಗು ಮಾತಾಡುವ ಅಕ್ಕಪಕ್ಕದವರ ನಡುವೆ ಬೆಳೆದವರು. ಆ ಮನೆಗಳ ಮಾತು, ಜಗಳ, ಸಾರಿನ ಘಮ ಎಲ್ಲ ಅವರ ಪುಸ್ತಕಗಳಲ್ಲಿದೆ. ಕಣ್ಣೀರು ಸುರಿಸದೆ ಕರುಳು ಹಿಂಡುವ ಬರವಣಿಗೆ.

ಬರೆಯುವುದು ಯಾವಾಗ? “ಮದುವೆ ಮನೇಲಿ ಆಂಪ್ಲಿಫೈಯರ್ ಪಕ್ಕ ಕೂತೇ ಬರೀತೀನಿ ಸಾರ್. ಮೈಕ್‌ನೋನ್ನ ಯಾರೂ ಮಾತಾಡ್ಸಲ್ಲ. ಅದೇ ಅನುಕೂಲ” ಎಂದು ನಗುತ್ತಾರೆ.

ಇಂದು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದಾರೆ. ‘ನಮ್ಮ ನೆಲದ ಕಾದಂಬರಿ’ ಗೋಷ್ಠಿಯ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿದೆ, ಕಾದಂಬರಿ ವಾಚನ, ಹತ್ತು ನಿಮಿಷ. ಇಷ್ಟು ವರ್ಷ ಅದೇ ಹೆಸರು ‘ಧ್ವನಿವರ್ಧಕ’ದ ಪಕ್ಕ ಮಾತ್ರ ಅಚ್ಚಾಗುತ್ತಿತ್ತು.

ಮುಖ್ಯ ಅತಿಥಿಗಳು ತಡವಾಗಿ ಬರುತ್ತಾರೆ. ದೀಪ, ಶಾಲು, ಹಾರ, ಫೋಟೊ, ಮತ್ತೆ ಶಾಲು. ಆಮೇಲೆ ಅತಿಥಿಗಳು ರುದ್ರೇಶ್ ಅವರದೇ ಮೈಕಿನಲ್ಲಿ, “ಈ ಮಣ್ಣಿನಲ್ಲಿ ಈಗ ಕಾದಂಬರಿಕಾರರೇ ಹುಟ್ಟುತ್ತಿಲ್ಲ” ಎಂದು ಮುಕ್ಕಾಲು ಗಂಟೆ ಮರುಗುತ್ತಾರೆ. ಆಂಪ್ಲಿಫೈಯರ್ ಬಳಿ ರುದ್ರೇಶ್ ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತದೆ. ರುದ್ರೇಶ್ ಮಾತ್ರ ಪುಟದಲ್ಲಿ ಬೆರಳಿಟ್ಟುಕೊಂಡೇ ಕಾಯುತ್ತಿದ್ದಾರೆ.

ಗೋಷ್ಠಿ ನಡೆಸುವ ಸಾಹಿತ್ಯ ಸಂಘದ ಕಾರ್ಯದರ್ಶಿ ಪರಮೇಶ್ವರಪ್ಪ ಬಗ್ಗಿ ಬಂದು ಪಿಸುಗುಟ್ಟುತ್ತಾರೆ. “ಊಟ ಆರಿಹೋಗುತ್ತೆ ಮಾರಾಯ. ನಿಂದು ಮುಂದಿನ ಸಲ ನೋಡೋಣ. ವಂದನಾರ್ಪಣೆಗೆ ಸ್ವಲ್ಪ ಸೌಂಡ್ ಜಾಸ್ತಿ ಕೊಡು.”

ಬೆರಳು ಪುಟದಿಂದ ಹೊರಬರುತ್ತದೆ. ರುದ್ರೇಶ್ ಸೌಂಡ್ ಜಾಸ್ತಿ ಮಾಡುತ್ತಾರೆ.

ಊಟದ ಸಾಲಿನಲ್ಲಿ ಪರಮೇಶ್ವರಪ್ಪನವರನ್ನು ಹಿಡಿದು ಕೇಳಿದೆ. “ಅಯ್ಯೋ, ಅವನು ನಮ್ಮ ಹುಡುಗ ಸಾರ್, ಬೇಜಾರ್ ಮಾಡ್ಕೊಳಲ್ಲ” ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಹುಡುಗನಿಗೆ ಐವತ್ತು ದಾಟಿದೆ ಸ್ವಾಮಿ! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಅದರಡಿಯೇ ಪೆಂಡಾಲ್ ಹಾಕಿಕೊಂಡು, ಮದ್ದಿಲ್ಲ ಮದ್ದಿಲ್ಲ ಎಂದು ಭಾಷಣ ಮಾಡುತ್ತೇವೆ. ನಾಚಿಕೆಯಾಗಬೇಕು ನಮಗೆ. ಅವರ ಒಂದು ಪುಸ್ತಕವನ್ನಾದರೂ ಓದಿದ್ದೀರಾ ಎಂದು ಕೇಳಿದ್ದಕ್ಕೆ, “ಟೈಮೆಲ್ಲಿ ಸಾರ್” ಎಂಬ ಉತ್ತರ ಬಂತು.

ಸಭಾಂಗಣ ಮತ್ತೆ ಖಾಲಿ. ರುದ್ರೇಶ್ ವಯರ್ ಸುತ್ತುತ್ತಿದ್ದಾರೆ. ಜಲಜಮ್ಮ ದುರುಗುಟ್ಟಿ ನೋಡುತ್ತ ಬರುತ್ತಾರೆ. “ಬೇಗ ಬೇಗ ತಿಂಡಿ ಪಾತ್ರೆ ತೊಳ್ದು ಹಿಂದಿನ ಸಾಲಲ್ಲಿ ಬಂದು ಕೂತಿದ್ದೆ. ನಿಮ್ದು ಓದಿಸ್ಲೇ ಇಲ್ವಲ್ರೀ! ಇವರ ಬಾಯಿಗೆ ಮಣ್ಣು ಹಾಕ!”

“ಬಿಡಿ ಜಲಜಮ್ಮ. ಜನ ಕೂತಿರೋವಾಗ ಒಂದೇ ಒಂದ್ ಅಧ್ಯಾಯ ಓದ್ಬೇಕು ಅಂತಿದೆ. ಓದ್ತೀನಿ, ಯಾವತ್ತಾದ್ರೂ.”

ನನಗೆ ತಡೆಯಲಾಗುವುದಿಲ್ಲ. ಸ್ವಿಚ್ ನಿಮ್ಮ ಕೈಯಲ್ಲೇ ಇತ್ತಲ್ಲ, ಕಾದಂಬರಿಕಾರರೇ ಇಲ್ಲ ಎಂದು ಆತ ಒದರುವಾಗ ಆರಿಸಿಬಿಡಬೇಕು ಅನ್ನಿಸಲಿಲ್ಲವೇ ಎಂದು ಕೇಳುತ್ತೇನೆ.

ರುದ್ರೇಶ್ ಸುತ್ತುವುದನ್ನು ನಿಲ್ಲಿಸುತ್ತಾರೆ. “ಅನ್ನಿಸ್ತು ಸಾರ್. ಕೈಯೂ ಹೋಗಿತ್ತು. ಆದ್ರೆ ಮಾತಾಡ್ತಿರೋರ ಮೈಕ್ ಆರ್ಸೋದು ನನ್ನ ಕಸುಬಲ್ಲ. ಅದು ಅವರ ಕಸುಬು.”